ಕಳ್ಳಿನಾಕಿ

ಬಸಲಿಂಗಪ್ಪ ಸಾಹುಕಾರರ ಮನೆಯಲ್ಲಿ ಪಡಸಾಲೆಯಿಂದ ಅಡುಗೆ ಮನೆಗೆ ಹೋಗುವ ಬಾಗಿಲಿದೆ. ಅದರ ಹೊಸ್ತಿಲ ಮೇಲೆ ನಾನು ನಿಂತಿದ್ದೆ. ನನ್ನ ಎಡ ಭುಜ ಚೌಕಟ್ಟಿಗೆ ತಾಗಿತ್ತು. ಶ್ರಾವಣದ ಒಂದು ಸೋಮವಾರ, ಬೆಳಗಿನ ಹತ್ತು ಗಂಟೆ ದಾಟಿತ್ತು. ಬಸವನ ಬಾಗೇವಾಡಿಯಿಂದ ಒಂಬತ್ತರ ಬಸ್ಸು ಹಿಡಿದು ಬಂದಿದ್ದೆ, ಹಾಗಾಗಿ ವೇಳೆಯ ಬಗ್ಗೆ ನನಗೆ ಅನುಮಾನವಿಲ್ಲ. ಇದು ನಡೆದು ಮೂವತ್ತು ವರ್ಷದ ಮೇಲಾಯಿತು. ಅಲ್ಲಿ ನಿಂತುಕೊಂಡು, ಒಬ್ಬ ಮಗ ತನ್ನ ಸತ್ತ ತಂದೆಯ ಮಗ್ಗುಲಿನಿಂದ ಲಿಂಗ ಇಡುವ ಬೆಳ್ಳಿಯ ಕರಡಿಗೆ ಎತ್ತಿ, ಎದುರಿಗೆ ಅಳುತ್ತ ಕುಳಿತಿದ್ದ ಹೆಣ್ಣುಮಗಳ ಚೀಲದೊಳಗೆ ಇಳಿಬಿಟ್ಟದ್ದನ್ನು ಕಣ್ಣಾರೆ ಕಂಡೆ. ಕಂಡ ಮೇಲೂ ಆಕೆಯನ್ನೇ ಕಳ್ಳಿ ಎಂದು ಪತ್ರಿಕೆಗೆ ಬರೆದೆ.

ಗೊತ್ತಿಲ್ಲದೆ ಬರೆದದ್ದಲ್ಲ. ಯಾರೂ ಹೆದರಿಸಿ ಬರೆಸಲಿಲ್ಲ. ಬರೆಯುವಾಗ ನನಗೆ ಖುಷಿಯಾಗಿತ್ತು — ಇದನ್ನು ಹೇಳದೆ ಉಳಿದದ್ದನ್ನು ಹೇಳಿದರೆ ಅದೂ ಸುಳ್ಳೇ ಆಗುತ್ತದೆ.

ಇಷ್ಟು ವರ್ಷ ಸುಮ್ಮನಿದ್ದವನು ಈಗ ಬಾಯಿ ಬಿಡಲು ಕಾರಣ ನನ್ನ ಒಳ್ಳೆಯತನವೇನೂ ಅಲ್ಲ. ಹಳೆಯ ಪತ್ರಿಕೆಗಳಲ್ಲಿ ಬಂದ ವಿಚಿತ್ರ ಅಪರಾಧಗಳನ್ನು ಹೆಕ್ಕಿ ತೆಗೆದು ಮೊಬೈಲಿನಲ್ಲಿ ಹಂಚುವ ಹುಡುಗರು ಇದ್ದಾರಲ್ಲ, ಅವರ ಕೈಗೆ ನನ್ನ ಸುದ್ದಿಯ ತುಣುಕು ಸಿಕ್ಕಿತು. ಕಳೆದ ಚಳಿಗಾಲ, ನಾನೀಗ ಇರುವ ಇಂಡಿಯ ಬಸ್ ನಿಲ್ದಾಣದಲ್ಲಿ ಸಾಲೋಟಗಿಯ ಬಸ್ಸಿಗೆ ಕಾಯುತ್ತ ಕುಳಿತಿದ್ದೆ. ಪಕ್ಕದ ಕಲ್ಲಿನ ಮೇಲೆ ಇಬ್ಬರು ಒಂದೇ ಮೊಬೈಲ್ ನೋಡುತ್ತ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನಗೂ ತೋರಿಸಿದರು. ಸೀರೆ ಉಟ್ಟ ಒಬ್ಬ ಗಂಡಸು ಹೆಣದ ಮುಂದೆ ಎದೆ ಬಡಿದುಕೊಂಡು ಅಳುತ್ತಾನೆ. ಅಳುತ್ತ ಅಳುತ್ತ ತಂಬಿಗೆ, ತಟ್ಟೆ, ಕೊನೆಗೆ ಹೆಣದ ಕನ್ನಡಕ — ಒಂದೊಂದಾಗಿ ಸೆರಗಿನೊಳಗೆ ಹಾಕಿಕೊಳ್ಳುತ್ತಾನೆ. ಕೊನೆಯಲ್ಲಿ ಹಳದಿಗಟ್ಟಿದ ಪತ್ರಿಕೆಯ ತುಣುಕು. ಮೇಲೆ ದಪ್ಪ ಅಕ್ಷರದಲ್ಲಿ: ‘ನಾ ಈ ಮನಿ ಕಳ್ಳಿ!’

"ಹೆಂಗೈತ್ರಿ ಕಾಕಾ? ಖರೇನ ಆಗಿದ್ದಂತ್ರಿ ಇದು. ನಮ್ಮ ಕಡೀದ," ಅಂದ ಒಬ್ಬ.

ಚೆನ್ನಾಗಿದೆ ಅಂದೆ. ಹೌದು, ಹಾಗೇ ಅಂದೆ. ಆಮೇಲೆ ನಿಲ್ದಾಣದ ಹಿಂದಿನ ಗೋಡೆಯ ಮರೆಗೆ ಹೋಗಿ ನಿಂತೆ. ಬಸ್ಸು ಬಂದು ಹೋಯಿತು.

ಆ ಕಾಲದಲ್ಲಿ ನಾನು ಬಾಗೇವಾಡಿಯಲ್ಲಿ ಕೋಣೆ ಹಿಡಿದುಕೊಂಡು, ಜಿಲ್ಲೆಯ ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಆ ಪತ್ರಿಕೆ ಈಗಿಲ್ಲ. ಸುದ್ದಿಯನ್ನು ಕೈಯಲ್ಲಿ ಬರೆದು, ಕವರಿಗೆ ಹಾಕಿ, ಸಂಜೆಯ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟರೆ ಅದು ಪತ್ರಿಕೆಯ ಕಚೇರಿ ಮುಟ್ಟುತ್ತಿತ್ತು. ಹೊಲದ ಸುದ್ದಿ, ಸಭೆಯ ಸುದ್ದಿ ಕಳಿಸಿದರೆ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು. ಆದರೆ ವಿಚಿತ್ರ ಕಳ್ಳತನ, ವಿಚಿತ್ರ ಮೋಸ ಎಂದರೆ ಸುತ್ತ ಗೆರೆ ಎಳೆದು, ಮೊದಲ ಪುಟದ ಕೆಳಗೆ ಹಾಕುತ್ತಿದ್ದರು. ಆ ಚೌಕದ ರುಚಿ ನನಗೆ ಹತ್ತಿತ್ತು. ಮುದ್ದೇಬಿಹಾಳದ ಕಡೆ ಗುಡಿಯ ಗಂಟೆ ಬಿಟ್ಟು ಗಂಟೆಯ ನಾಲಿಗೆಯನ್ನಷ್ಟೇ ಕದಿಯುತ್ತಿದ್ದವನ ಸುದ್ದಿ ನನ್ನದು. ಇಂಡಿಯಲ್ಲಿ ಮದುವೆ ಮನೆಗಳ ಮುಂದೆ ಎಡಗಾಲಿನ ಚಪ್ಪಲಿ ಮಾತ್ರ ಎತ್ತುತ್ತಿದ್ದ ಕಳ್ಳನ ಸುದ್ದಿಯೂ ನನ್ನದೇ. ಅವನಿಗೆ ಬಲಗಾಲೇ ಇರಲಿಲ್ಲ. ಅದನ್ನು ನಾನು ಬರೆದಿರಲಿಲ್ಲ — ಬರೆದರೆ ಯಾರು ನಗುತ್ತಾರೆ?

ಇಂಥವನು ನಾನು. ಈಗ ಆ ಸೋಮವಾರಕ್ಕೆ ಬರುತ್ತೇನೆ.

ಬಸಲಿಂಗಪ್ಪ ಸಾಹುಕಾರರು ಹೂವಿನ ಹಿಪ್ಪರಗಿಯ ಆಚೆಗಿನ ಒಂದು ಊರಲ್ಲಿ ದೊಡ್ಡ ಹೊಲಮನೆಯವರು. ಅವರ ಹಿರಿಯ ಮಗ ರಾಚಪ್ಪ ನನ್ನ ಜೊತೆ ಓದಿದವನು. ಕಿರಿಯವನು ಚನ್ನಬಸು. ತಂದೆ ತೀರಿದ ಸುದ್ದಿ ಬಂದ ಕೂಡಲೇ ಗೆಳೆಯನ ಮನೆಯ ಸಾವು ಎಂದು ಹೋದೆ, ಸುದ್ದಿಗೆಂದು ಹೋಗಿರಲಿಲ್ಲ. ಸಾಹುಕಾರರನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ತಲೆಗೆ ಹೊಸ ರುಮಾಲು, ಕೊರಳಲ್ಲಿ ಹೂವಿನ ಹಾರ. ಲಿಂಗವನ್ನು ಎಡಗೈಯಲ್ಲಿ ಇಟ್ಟಿದ್ದರು. ಜೀವಮಾನವೆಲ್ಲ ಆ ಲಿಂಗವನ್ನು ಇಟ್ಟುಕೊಂಡು ಎದೆಯ ಮೇಲೆ ಧರಿಸಿದ್ದ ಬೆಳ್ಳಿಯ ಕರಡಿಗೆ ಬರಿದಾಗಿ ಮಗ್ಗುಲ ತಟ್ಟೆಯಲ್ಲಿತ್ತು. ಊದಿನಕಡ್ಡಿಯ ಹೊಗೆ ಕಣ್ಣಿಗೆ ಬಡಿಯುತ್ತಿತ್ತು. ಕ್ರಿಯೆ ಮಾಡಿಸುವ ಅಯ್ಯನವರು ಇನ್ನೂ ಬಂದಿರಲಿಲ್ಲ. ಹೆಂಗಸರು ಎದುರಿಗೆ ಕುಳಿತಿದ್ದರು.

ಅವರ ನಡುವೆ ಒಬ್ಬಾಕೆ ಹಾಡ್ಯಾಡಿ ಅಳುತ್ತಿದ್ದಳು. ನಮ್ಮ ಕಡೆ ಸತ್ತವರ ಮುಂದೆ ಹೆಣ್ಣುಮಕ್ಕಳು ಸುಮ್ಮನೆ ಅಳುವುದಿಲ್ಲ. ಸತ್ತವರು ತನಗೆ ಏನಾಗಬೇಕು, ಏನು ಮಾಡಿದರು, ಏನು ಕೊಟ್ಟರು, ಎಲ್ಲವನ್ನೂ ಒಂದೊಂದಾಗಿ ಹಾಡಿಕೊಂಡು ಅಳುತ್ತಾರೆ. ಕೇಳಿದವರಿಗೆ ಆ ಮನೆಯ ಸಂಬಂಧವೆಲ್ಲ ಬಿಡಿಸಿ ಹೇಳಿದಂತೆ ತಿಳಿಯುತ್ತದೆ. ಈಕೆಯ ದನಿ — ಅದನ್ನು ಹೇಗೆ ಬರೆಯಲಿ. ಹೊರಗೆ ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದವರೂ ಬೀಡಿ ಆರಿಸಿ ಕೇಳುತ್ತಿದ್ದರು.

"ಸಿಂದಗಿ ಸಂತ್ಯಾಗ ಕುಲಾಯಿ ಕೊಡಿಸಿದ್ದೆಲ್ಲೋ ನನ್ನಪ್ಪಾ… ಹೆಗಲ ಮ್ಯಾಲ ಹೊತ್ತ ತಿರಗಿದ್ದೆಲ್ಲೋ… ಅವ್ವನ ಮನಿ ಬಾಗಲದಾಗ ಬಗ್ಗಿ ಬರತಿದ್ದೆಲ್ಲೋ…"

ಸಾಹುಕಾರರ ಮುದಿ ತಂಗಿ ಪಕ್ಕದಾಕೆಯನ್ನು ಕೇಳಿದಳು: "ಯಾರಬೇ ಈಕಿ?"

"ಯಾರಿಗೊತ್ರಿ. ಸಿಂದಗಿ ಕಡಿಯಾಕಿ ಅಂತ."

"ಸಿಂದಗಿ ಕಡಿಯಾಕಿ ನಮ್ಮಣ್ಣಗ ಅಪ್ಪಾ ಅಂತ ಯಾಕ ಅಳ್ತಾಳ?"

ಮುದುಕಿಗೆ ಗೊತ್ತಿತ್ತು. ಊರಿಗೇ ಅರ್ಧ ಗೊತ್ತಿತ್ತು. ಸಿಂದಗಿಯ ಹತ್ತಿರದ ಒಂದು ಹಳ್ಳಿಯಲ್ಲಿ ಸಾಹುಕಾರರಿಗೆ ಇನ್ನೊಂದು ಮನೆ ಇತ್ತು. ಅಲ್ಲೊಬ್ಬ ಹೆಂಗಸು, ಒಬ್ಬ ಮಗಳು. ಆ ಮಗಳೇ ಈಕೆ, ನೀಲವ್ವ. ಅವಳಿಗೆ ಬೇಕಾಗಿದ್ದುದು ಒಂದೇ. ತಂದೆಗೆ ಮಗಳಾಗಿ ಮಣ್ಣು ಕೊಡುವುದು. ಸಮಾಧಿಯಲ್ಲಿ ಕೂಡಿಸಿದ ಮೇಲೆ ರಕ್ತಸಂಬಂಧದವರು ಮೊದಲ ಹಿಡಿ ಮಣ್ಣು ಹಾಕುತ್ತಾರೆ. ಎಲ್ಲರ ಎದುರಿಗೆ ಆ ಹಿಡಿ ಮಣ್ಣು ಹಾಕಿದರೆ ಆಕೆ ಮಗಳು. ಇಲ್ಲದಿದ್ದರೆ ಯಾರೂ ಅಲ್ಲ.

ರಾಚಪ್ಪನಿಗೂ ಅದು ಗೊತ್ತಿತ್ತು. ಅವನು ತಂದೆಯ ಪಕ್ಕದಲ್ಲಿ ನಿಂತು ಆ ಹಾಡನ್ನು ಕೇಳುತ್ತಿದ್ದ. ಕೂಸಿನ ತಲೆಗೆ ಕಟ್ಟುವ ಕುಲಾಯಿಯಿಂದ ಶುರುವಾದದ್ದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಅವನ ಮುಖದಲ್ಲೇ ಬರೆದಿತ್ತು. ಹಾರ ಸರಿ ಮಾಡುವವನಂತೆ ಬಗ್ಗಿದ. ತಟ್ಟೆಯಿಂದ ಕರಡಿಗೆ ಎತ್ತಿ ಅಂಗೈಯಲ್ಲಿ ಮುಚ್ಚಿದ. ಎದ್ದು ಎರಡು ಹೆಜ್ಜೆ ಬಂದ. ಕಂಬದ ಬುಡದಲ್ಲಿ ಆಕೆಯ ಬಟ್ಟೆಯ ಚೀಲವಿತ್ತು. ಮತ್ತೆ ಬಗ್ಗಿ, ಕೈ ಒಳಗೆ ಇಳಿಸಿ, ಬರಿಗೈಯಲ್ಲಿ ಎತ್ತಿದ.

ನನಗೂ ಆ ಕಂಬಕ್ಕೂ ನಡುವೆ ಯಾರೂ ಇರಲಿಲ್ಲ. ಜಂತಿಯ ಬೆಳಕಿಂಡಿಯಿಂದ ಬಿಸಿಲು ನೇರ ಅಲ್ಲಿಗೇ ಬೀಳುತ್ತಿತ್ತು. ಬೆಳ್ಳಿ ಒಮ್ಮೆ ಮಿಂಚಿತು. ಆಚೆಯ ಬಾಗಿಲಲ್ಲಿ ನಿಂತಿದ್ದ ಚನ್ನಬಸು ಅಣ್ಣನ ಕೈ ನೋಡಿದ. ಆಮೇಲೆ ನನ್ನನ್ನು ನೋಡಿದ. ಆಮೇಲೆ ನೆಲ ನೋಡಿದ.

ಮುಂದಿನದು ಬೇಗ ಆಯಿತು. ಅಯ್ಯನವರು ಬಂದರು, ಕರಡಿಗೆ ಎಲ್ಲಿ ಎಂದರು. ಹುಡುಕಾಟ. ರಾಚಪ್ಪ ನೇರ ಕಂಬದ ಹತ್ತಿರ ಹೋದ.

"ಈ ಚೀಲ ಯಾರದು?"

"ನಂದ್ರಿ ಅಣ್ಣಾರ," ಅಂದಳು ನೀಲವ್ವ.

"ಅಣ್ಣಾ ಅಂತಾಳ ನೋಡ್ರಿ. ಯಾರಬೇ ನಿನಗ ಅಣ್ಣ?"

ಚೀಲ ತಲೆಕೆಳಗು ಮಾಡಿದ. ರೊಟ್ಟಿಯ ಬುತ್ತಿ ಬಿತ್ತು. ವಿಭೂತಿಯ ಪೊಟ್ಟಣ ಬಿತ್ತು. ಮಡಿಕೆ ಬಿಚ್ಚದ ಹೊಸ ಧೋತರ ಬಿತ್ತು — ತಂದೆಯ ಮೈಮೇಲೆ ಹೊದಿಸಲು ತಂದ ಅರಿವೆ, ಅಂಗಡಿಯ ಗಂಜಿ ಕೂಡ ಹೋಗಿರಲಿಲ್ಲ. ಧೋತರದ ಮೇಲೆ ಕರಡಿಗೆ ಬಿದ್ದು ಉರುಳಿತು. ಯಾವ ಕಳ್ಳಿ ಕದಿಯುವ ಮನೆಗೆ ಹೊಸ ಧೋತರ ತರುತ್ತಾಳೆ? ಇದನ್ನು ಆಗ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಬರೆಯುವಾಗ ಧೋತರವನ್ನೇ ಬಿಟ್ಟೆ.

ಎಲ್ಲರೂ ಒಮ್ಮೆಗೇ ಕಳ್ಳಿ ಕಳ್ಳಿ ಎಂದು ಎದ್ದರು. ಆಕೆ ಏಳಲಿಲ್ಲ. ತಂದೆಯ ಮುಖ ನೋಡುತ್ತಲೇ ಹೇಳಿದಳು:

"ನಾ ಕಳ್ಳಿ ಅಲ್ರಿ. ನಾ ಈ ಮನಿ ಕಳ್ಳಿನಾಕಿ."

ದೂರದ ಓದುಗರಿಗೆ ಈ ಮಾತನ್ನು ಬಿಡಿಸಿ ಹೇಳಬೇಕು. ಕರುಳಿಗೆ ನಾವು ಕಳ್ಳು ಎನ್ನುತ್ತೇವೆ. ಹೆತ್ತವರ ಸಂಕಟಕ್ಕೆ ‘ಕಳ್ಳು ಚುರ್ ಅಂತು’ ಎನ್ನುತ್ತೇವೆ. ರಕ್ತಸಂಬಂಧಕ್ಕೆ ಕಳ್ಳುಬಳ್ಳಿ. ಕಳ್ಳಿನಾಕಿ ಎಂದರೆ ಈ ಮನೆಯ ಕರುಳಿನವಳು. ಈ ಮನೆಯ ಮಗಳು. ಅದನ್ನು ಅಲ್ಲಿದ್ದ ಕೂಸಿಗೂ ತಿಳಿಸಿ ಹೇಳುವ ಅಗತ್ಯವಿರಲಿಲ್ಲ. ಬಾಗಿಲಲ್ಲಿದ್ದ ಒಬ್ಬ, ಯಾರೆಂದು ನೆನಪಿಲ್ಲ, ನಕ್ಕು ಅಂದ: "ಕಳ್ಳಿ ಅಲ್ಲಂತ, ಕಳ್ಳಿನಾಕಿ ಅಂತ. ನಾಕಿ ತಗದ್ರ ಏನ ಉಳೀತೋ?"

ಆ ನಗುವಿನಲ್ಲಿ ನನ್ನ ತಲೆಬರಹ ಹುಟ್ಟಿತು. ಸಾವಿನ ಮನೆಯಲ್ಲಿ, ನನ್ನ ಹಣೆಗೆ ಅದೇ ಮನೆಯ ವಿಭೂತಿ ಇರುವಾಗ, ಎದುರಿಗೆ ಜನ ಒಬ್ಬ ಹೆಣ್ಣುಮಗಳ ತೋಳು ಹಿಡಿದು ಎಳೆಯುತ್ತಿರುವಾಗ — ನನ್ನೊಳಗೆ ಏನೋ ಚಿಮ್ಮಿತು. ಸಿಕ್ಕಿತು ಅನಿಸಿತು. ಬಾಯಿಯಲ್ಲಿ ನೀರು ಬಂದಂತೆ ಆಯಿತು. ಆ ನೀರನ್ನು ನೆನೆದರೆ ಈಗಲೂ ನನ್ನ ನಾಲಿಗೆಯನ್ನು ತಿಕ್ಕಿ ತೊಳೆಯಬೇಕು ಅನಿಸುತ್ತದೆ.

ಕೆಳಗೆ ಬಿದ್ದ ಬುತ್ತಿ, ಧೋತರ ಚೀಲಕ್ಕೆ ತುರುಕಿ, ಕೈಗೆ ಕೊಟ್ಟು, ಆಕೆಯನ್ನು ಅಂಗಳಕ್ಕೆ ತಂದರು. ಯಾರೋ ಪೊಲೀಸರಿಗೆ ಹೇಳೋಣ ಎಂದರು. ರಾಚಪ್ಪ ಕೈ ಅಡ್ಡ ಮಾಡಿದ. "ಬ್ಯಾಡ್ರಿ. ಸಾವಿನ ಮನಿ. ಹೆಣ್ಮಗಳು, ಹೊಟ್ಟಿಗಿಲ್ಲದ ಮಾಡ್ಯಾಳ. ಬಸ್ ಹತ್ತಿಸಿ ಬಿಡ್ರಿ." ಎಲ್ಲರೂ ಅವನ ದೊಡ್ಡ ಮನಸ್ಸಿಗೆ ತಲೆದೂಗಿದರು. ಪೊಲೀಸರು ಬಂದಿದ್ದರೆ ವಿಚಾರಣೆ ಆಗುತ್ತಿತ್ತು. ಧೋತರ ಯಾಕೆ ತಂದೆ ಎಂದು ಯಾರಾದರೂ ಕೇಳುತ್ತಿದ್ದರು. ನನ್ನನ್ನೂ ಕೇಳುತ್ತಿದ್ದರೇನೋ. ಅದೇನೂ ಆಗದಂತೆ ನೋಡಿಕೊಂಡ. ಕೊನೆಗೆ ಆಕೆಯ ಮೇಲೆ ತೀರ್ಪು ಅಂತ ಉಳಿದದ್ದು ನಾನು ಬರೆದ ಸುದ್ದಿ ಒಂದೇ.

ಊರ ಅಗಸೆಬಾಗಿಲ ಹತ್ತಿರ ನಾನು ಆಕೆಯ ಬೆನ್ನ ಹಿಂದೆ ಹೋದೆ. ಪತ್ರಿಕೆಯವನು ಎಂದು ಹೇಳಿ ಹೆಸರು, ಊರು ಕೇಳಿದೆ. ಆಕೆ ನಿಂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಬಿಡಿಸಿ ಬಿಡಿಸಿ ಹೇಳಿದಳು — ತನ್ನ ಹೆಸರು, ಗಂಡನ ಹೆಸರು, ಊರು. ನಾನು ಬರೆದುಕೊಳ್ಳುವವರೆಗೆ ಕಾದಳು. "ಸರಿಯಾಗಿ ಬರಕೊಂಡ್ರಿಲ್ರಿ?" ಎಂದು ಒಮ್ಮೆ ಕೇಳಿದಳು. ಸಿಕ್ಕಿಬಿದ್ದ ಕಳ್ಳಿ ಇಷ್ಟು ಸಮಾಧಾನದಿಂದ ವಿಳಾಸ ಹೇಳುತ್ತಾಳಲ್ಲ ಎಂದು ನನಗೆ ಸೋಜಿಗವಾಯಿತು. ಕಳ್ಳಿ ಅಲ್ಲವೆಂದು ಗೊತ್ತಿದ್ದೂ ಹಾಗೆ ಅಂದುಕೊಂಡೆ. ಬರೆಯುವ ಮೊದಲೇ ಆಕೆ ನನ್ನ ತಲೆಯಲ್ಲಿ ಕಳ್ಳಿಯಾಗಿಬಿಟ್ಟಿದ್ದಳು.

ಮಣ್ಣು ಕೊಡಲು ನಾನು ನಿಲ್ಲಲಿಲ್ಲ. ಬಾಗೇವಾಡಿಗೆ ಬಂದು ಬರೆದೆ. ‘ಸತ್ತವರ ಮನೆಯಲ್ಲಿ ಮಗಳಂತೆ ಅತ್ತು, ಬೆಳ್ಳಿ ಕರಡಿಗೆ ಕದ್ದ ಮಹಿಳೆ’ ಎಂದು ಮೊದಲ ಸಾಲು. ‘ನಾ ಈ ಮನಿ ಕಳ್ಳಿ ಎಂದು ಸ್ವತಃ ಒಪ್ಪಿಕೊಂಡಳು’ ಎಂದು ಎರಡನೆಯದು. ಮನೆಯವರು ಕರುಣೆ ತೋರಿ ಬಿಟ್ಟು ಕಳಿಸಿದರು ಎಂದು ಕೊನೆಯದು. ಆಕೆಯ ಹೆಸರು, ಊರು ತಪ್ಪಿಲ್ಲದೆ ಬರೆದೆ. ಬಿಟ್ಟದ್ದು ಮೊದಲಿನ ನಿರಾಕರಣೆ, ಧೋತರ, ನಾನು ಕಂಡ ಕೈ — ಮತ್ತು ಎರಡಕ್ಷರ. ನಾ, ಕಿ.

ಕವರನ್ನು ಕಂಡಕ್ಟರನ ಕೈಗೆ ಕೊಟ್ಟ ಮೇಲೆ ಆ ಬಸ್ಸು ಬಹಳ ಹೊತ್ತು ನಿಲ್ದಾಣದಲ್ಲೇ ನಿಂತಿತ್ತು. ಡ್ರೈವರ್ ಚಹಾ ಕುಡಿಯಲು ಹೋಗಿದ್ದ. ನಾನು ಕಿಟಕಿಯ ಪಕ್ಕದಲ್ಲೇ ನಿಂತಿದ್ದೆ. ಕೈ ಚಾಚಿದರೆ ಕವರು ಸಿಗುತ್ತಿತ್ತು. ತಡೆದವರು ಯಾರೂ ಇಲ್ಲ. ಚೌಕದಲ್ಲಿ ಹಾಕುತ್ತಾರೋ ಇಲ್ಲವೋ ಎಂದು ಮಾತ್ರ ಯೋಚಿಸುತ್ತಿದ್ದೆ.

ಚೌಕದಲ್ಲೇ ಬಂತು. ರಾಚಪ್ಪ ಅದನ್ನು ಓದಿ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಅವನ ಮನೆಯ ಎಲ್ಲ ಕಾರ್ಯಕ್ಕೆ ನನಗೆ ಕರೆ ಬರುತ್ತಿತ್ತು. ಹೋಗುತ್ತಿದ್ದೆ. ಆ ಕಂಬದ ಪಕ್ಕದಲ್ಲೇ ಕುಳಿತು ಹೋಳಿಗೆ ತುಪ್ಪ ಉಂಡಿದ್ದೇನೆ, ಇನ್ನೊಂದು ಹಾಕಿಸಿಕೊಂಡಿದ್ದೇನೆ. ನಾವಿಬ್ಬರೂ ಒಂದು ಮಾತೂ ಆಡದೆ ಒಂದೇ ಹೊಲಸನ್ನು ಹಂಚಿಕೊಂಡು ಮೂವತ್ತು ವರ್ಷ ಗೆಳೆಯರಾಗಿದ್ದೆವು. ಇಷ್ಟು ಗಟ್ಟಿಯಾದ ಗೆಳೆತನ ನನಗೆ ಬೇರೆ ಯಾರ ಜೊತೆಯೂ ಇರಲಿಲ್ಲ.

ಬಸ್ ನಿಲ್ದಾಣದಲ್ಲಿ ಆ ಮೊಬೈಲ್ ನೋಡಿದ ಮೇಲೆ ನಿದ್ದೆ ಕೆಟ್ಟಿತು. ಸಿಂದಗಿಗೆ ಹೋದೆ. ಅಲ್ಲಿಂದ ಆಕೆಯ ಊರಿಗೆ. ಊರ ಹೆಸರು ಮರೆತಿರಲಿಲ್ಲ, ತಪ್ಪಿಲ್ಲದೆ ಬರೆದವನಲ್ಲವೇ. ಚಹಾದಂಗಡಿಯಲ್ಲಿ ನೀಲವ್ವನ ಮನೆ ಕೇಳಿದರೆ ಒಬ್ಬ ಮುದುಕ, "ಯಾವ ನೀಲವ್ವ? ಅಳೋಕಳ್ಳಿ ನೀಲವ್ವನೇನು?" ಎಂದ. ನಕ್ಕು ಹೇಳಲಿಲ್ಲ. ಮನೆತನದ ಅಡ್ಡಹೆಸರು ಹೇಳುವಂತೆ ಹೇಳಿದ. ಅದೇ ನನಗೆ ಹೆಚ್ಚು ಹೇಸಿಗೆ ತಂದಿತು. ಬೈಗುಳವೂ ಸವೆದು ಸವೆದು ವಿಳಾಸವಾಗಿತ್ತು.

ಆಕೆ ಬಾಗಿಲ ಮುಂದೆ ಕುಳಿತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಯಾರೆಂದು ಹೇಳಲು ಬಾಯಿ ತೆರೆಯುವುದರೊಳಗೆ ಆಕೆಯೇ ಅಂದಳು:

"ಪೇಪರನವರ ಅಲ್ರಿ ನೀವು? ಹೊಸ್ತಿಲದಾಗ ನಿಂತಿದ್ರಿ."

ನಾನು ಹೌದು ಅಂದೆ.

"ಕುಂಡ್ರಿ." ಕೈಯ ಕೆಲಸ ನಿಲ್ಲಿಸಲಿಲ್ಲ. "ನಾ ಅವತ್ತ ತಲಿ ಎತ್ತಿದಾಗ ಅವನ ಕೈ ನನ್ನ ಚೀಲದಾಗಿತ್ತು. ಏನ ಇಟ್ಟ ಅಂತ ಕಂಡೂ ತಿಳೀಲಿಲ್ಲ. ಅಪ್ಪಗ ತಂದ ಅರಿವಿ ನೋಡಾಕತ್ಯಾನ ಅಂದ್ಕೊಂಡ್ನಿ. ಅಪ್ಪನ ಮುಂದ ಅಳೂದ ಬಿಟ್ಟ ಹೆಂಗ ಕೇಳ್ಲಿ? ಆಮ್ಯಾಲ ನಿಮ್ಮನ್ನ ನೋಡಿದ್ನಿ. ನೀವು ಅವನ ಕೈ ನೋಡಾಕತ್ತಿದ್ರಿ."

ನೋಡುತ್ತಿದ್ದೆ ಎಂದು ಒಪ್ಪಿಕೊಂಡೆ.

"ಅದಕ್ಕ ಅಗಸ್ಯಾಗ ನೀವು ಹೆಸರ ಕೇಳಿದಾಗ ನನಗ ಧೈರ್ಯ ಬಂತ್ರಿ. ನೋಡಿದಾವರು ಪೇಪರನವರು ಅದಾರ, ಬರೀತಾರ ಅಂದ್ಕೊಂಡ್ನಿ. ಹೋಗಲಿ, ಮಣ್ಣ ಕೊಡಾಕ ಬಿಡಲಿಲ್ಲ, ಪೇಪರದಾಗರೆ ಬರತೈತಿ ನಾ ಯಾರ ಮಗಳು ಅಂತ."

ಮೊರದಿಂದ ಒಂದು ಕಲ್ಲು ಹೆಕ್ಕಿ ಎಸೆದಳು.

"ಪೇಪರ ಬಂದ ದಿನ ನಾನ ಎಲ್ಲಾರನ್ನ ಕರದ್ನಿ. ನನಗ ಓದಾಕ ಬರಂಗಿಲ್ಲ. ಅತ್ತಿ ಇದ್ದಳು, ನನ್ನ ಗಂಡ ಇದ್ದ, ಓಣಿ ಹೆಣ್ಮಕ್ಕಳೆಲ್ಲಾ ಇದ್ರು. ಸಾಲಿ ಮಾಸ್ತರನ್ನ ಕಟ್ಟಿ ಮ್ಯಾಲ ಕುಂಡ್ರಿಸಿ, ಜೋರಲೆ ಓದ್ರಿ ಮಾಸ್ತರ, ನಮ್ಮಪ್ಪನ ಸುದ್ದಿ ಬಂದೈತಿ ಅಂದ್ನಿ. ಅವರು ಒಂದ ಸಾಲ ಓದಿ ನಿಂತ್ರು. ಮುಂದ ಓದ್ರೆಲಾ ಅಂದ್ನಿ. ನಾನ ಅಂದ್ನಿ."

ಇಲ್ಲಿಗೆ ನಿಲ್ಲಿಸಿದಳು. ಮುಂದೆ ಹೇಳಬೇಕಾದದ್ದು ಏನಿತ್ತು. ಅತ್ತೆ ಸಾಯುವವರೆಗೆ ಅಡುಗೆ ಮನೆಯ ಪೆಟ್ಟಿಗೆಗೆ ಕೀಲಿ ಹಾಕಿಡುತ್ತಿದ್ದಳಂತೆ. ಸುತ್ತಲ ಊರುಗಳಲ್ಲಿ ಯಾರು ತೀರಿದರೂ ನೀಲವ್ವನನ್ನು ಕರೆಯಿರಿ, ಆಕೆ ಅತ್ತರೆ ಸತ್ತವರಿಗೆ ಬೆಲೆ ಎನ್ನುತ್ತಿದ್ದವರು ಆಮೇಲೆ ಕರೆಯಲಿಲ್ಲ. ಕರೆಯದೆ ಹೋದ ಒಂದು ಮನೆಯಲ್ಲಿ ಆಕೆ ಕುಳಿತ ಕೂಡಲೇ ಹೆಂಗಸರು ತಟ್ಟೆ ತಂಬಿಗೆ ಒಳಗೆ ತೆಗೆದಿಟ್ಟರಂತೆ. ಅಂದಿನಿಂದ ಸತ್ತವರ ಮನೆಗೆ ಹೋಗುವುದನ್ನು ಬಿಟ್ಟಳು. ತನ್ನ ತಾಯಿ ಸತ್ತಾಗಲೂ ಹಾಡ್ಯಾಡಿ ಅಳಲಿಲ್ಲ. ಬಾಯಿಗೆ ಸೆರಗು ತುರುಕಿಕೊಂಡು ಕುಳಿತಿದ್ದಳು. ಇದನ್ನೆಲ್ಲ ಆಕೆ ಹೇಳಲಿಲ್ಲ, ಪಕ್ಕದ ಮನೆಯಾಕೆ ನನಗೆ ಆಮೇಲೆ ಬೀದಿಯಲ್ಲಿ ಹೇಳಿದಳು. ಅಂಥ ದನಿಯನ್ನು — ನಾನು ಕೇಳಿದ್ದೆ ಆ ದನಿಯನ್ನು. ಬೀಡಿ ಆರಿಸಿ ಕೇಳಿದ್ದರು ಜನ. ಅದನ್ನು ಒಂದು ತಲೆಬರಹಕ್ಕಾಗಿ ಮುಗಿಸಿದೆ.

ಕ್ಷಮಿಸಿ ಅಂದೆನೇ? ಅಂದೆ. ಆಕೆ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ನಡೆದದ್ದನ್ನೆಲ್ಲ ಬರೆಯುತ್ತೇನೆ, ನಿಮ್ಮ ಹೆಸರು ಮಾತ್ರ ಹಾಕುವುದಿಲ್ಲ ಎಂದೆ. ಆಗ ಮೊರವನ್ನು ಕೆಳಗಿಟ್ಟಳು.

"ಯಾಕ್ರಿ? ಆಗ ಹಾಕಿದ್ರಿ. ಈಗ ಯಾಕ ಬ್ಯಾಡ?"

"ಮತ್ತ ಜನ ಮಾತಾಡ್ತಾರಂತ…"

"ಆಡದಿದ್ದಾಗ ಯಾವಾಗ ಇತ್ರಿ? ಹೆಸರ ಹಾಕ್ರಿ. ನಂದೂ ಹಾಕ್ರಿ, ಅವನದೂ ಹಾಕ್ರಿ. ಯಾರ್ಯಾರು ಕಂಡಾರ, ಯಾರ್ಯಾರು ಅದಾರ, ಎಲ್ಲಾರದೂ ಹಾಕ್ರಿ. ಇಲ್ಲಂದ್ರ ಇದೂ ನಿಮ್ಮದೊಂದ ಗಮ್ಮತ್ತಿನ ಸುದ್ದಿ ಆಕೈತಿ."

ಏಳುವಾಗ ಚಹಾ ತಂದುಕೊಟ್ಟಳು. ಬೇಡ ಎನ್ನುವ ಮುಖ ನನಗಿರಲಿಲ್ಲ. ಕುಡಿದೆ. ಕಪ್ಪು ಬಸಿ ತಿರುಗಿ ಇಸಿದುಕೊಳ್ಳುವಾಗ ಆಕೆ ಒಳಗೆ ಬೊಟ್ಟು ಮಾಡಿದಳು. ಗೂಟಕ್ಕೆ ಆ ಬಟ್ಟೆಯ ಚೀಲ ತೂಗು ಹಾಕಿತ್ತು. "ಧೋತರ ಅದರಾಗ ಐತ್ರಿ. ಯಾರಿಗೆ ಉಡಸಲಿ? ಅಪ್ಪಗ ತಂದದ್ದು." ಬಿಚ್ಚಿ ತೋರಿಸಲಿಲ್ಲ. ನಾನೂ ತೋರಿಸು ಅನ್ನಲಿಲ್ಲ.

ಇಂಡಿಗೆ ಬಂದು ಚನ್ನಬಸುವಿಗೆ ಫೋನ್ ಮಾಡಿದೆ. ಅವನೀಗ ಮುದ್ದೇಬಿಹಾಳದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಹೆಸರು ಹಾಕಿ ಬರೆಯುತ್ತೇನೆ ಎಂದೆ.

"ಈಗ್ಯಾಕ ಕೆದರ್ತಿ ಮಾರಾಯಾ? ಎಲ್ಲಾರೂ ಮುದುಕರಾದ್ವಿ," ಅಂದ.

"ಆಕೀನೂ ಮುದುಕಿ ಆಗ್ಯಾಳ," ಅಂದೆ.

ಹಿಂದೆ ಅಂಗಡಿಯಲ್ಲಿ ಯಾರೋ ಹತ್ತಿಬೀಜದ ಪಾಕೀಟು ಕೇಳುತ್ತಿದ್ದುದು ಕೇಳಿಸುತ್ತಿತ್ತು. ಕೊನೆಗೆ ಅಂದ: "ಬರೀ. ಕೇಳಿದ್ರ ನಾ ನೋಡಿಲ್ಲ ಅನ್ನಂಗಿಲ್ಲ."

ರಾಚಪ್ಪನಿಗೆ ನಾನೇ ಹೋಗಿ ಹೇಳಿದೆ. ಆ ಪಡಸಾಲೆಯಲ್ಲೇ ಕುಳಿತಿದ್ದ. ನನ್ನ ಮಾತು ಮುಗಿಯುವವರೆಗೆ ಅಡಕೆ ಕತ್ತರಿಸುತ್ತಿದ್ದ. "ಬರದದ್ದು ನೀನಲೇ. ನಾ ಬರಿ ಅಂದಿದ್ನೇನು?" ಎಂದಷ್ಟೇ ಕೇಳಿದ. ಅಂದಿರಲಿಲ್ಲ. ಅದು ನಿಜ. ಅವನು ಕರಡಿಗೆಯನ್ನು ಚೀಲಕ್ಕೆ ಹಾಕಿದ. ಆಕೆಯನ್ನು ಮನೆಮನೆಗೆ ಮುಟ್ಟಿಸಿದವನು ನಾನು. ಅವನು ಆ ಒಂದು ಬೆಳಿಗ್ಗೆ ಮಾಡಿದ್ದನ್ನು ಇಂಡಿಯ ಬಸ್ ನಿಲ್ದಾಣದ ಕಲ್ಲಿನ ಮೇಲೆ ಕುಳಿತವರ ಕೈಯವರೆಗೂ ತಂದವನು ನಾನೇ. ನಮ್ಮಿಬ್ಬರಲ್ಲಿ ಯಾರ ಕೈ ಹೆಚ್ಚು ಹೊಲಸು ಎಂದು ಅಳೆಯಲು ನಾನು ಇದನ್ನು ಬರೆಯುತ್ತಿಲ್ಲ.

ಆ ಹಳೆಯ ಸುದ್ದಿಯನ್ನು ಇಂದಿಗೂ ಹಂಚಿಕೊಂಡು ನಗುತ್ತಿರುವವರಿಗೆ ಒಂದು ಮಾತು. ಅದನ್ನು ಬರೆದವನು ನಾನು. ಅದರಲ್ಲಿರುವ ಮಾತು ಆಕೆ ಆಡಿದ್ದಲ್ಲ. ಆಕೆ ಆಡಿದ ಮಾತು ಹೀಗಿತ್ತು: "ನಾ ಕಳ್ಳಿ ಅಲ್ರಿ. ನಾ ಈ ಮನಿ ಕಳ್ಳಿನಾಕಿ." ಇದನ್ನು ಕೇಳುವವರು ಯಾರೇ ಕರೆದರೂ, ಯಾವ ಊರಿಗೇ ಕರೆದರೂ, ನಿಂತು ಹೇಳುತ್ತೇನೆ. ಮೊದಲು ಆಕೆಯ ಊರಿನ ಅದೇ ಕಟ್ಟೆಯ ಮೇಲೆ ಕುಳಿತು ಓದಬೇಕು. ಬರುವ ಸೋಮವಾರ ಹೋಗುತ್ತಿದ್ದೇನೆ.

ಕರಡಿಗೆ ಚೀಲಕ್ಕೆ ಇಳಿದದ್ದನ್ನು ಕಂಡು ಇನ್ನೂ ಬದುಕಿರುವವರು ಇವರು. ಅದನ್ನು ಇಳಿಬಿಟ್ಟ ರಾಚಪ್ಪ, ಅದೇ ಮನೆಯಲ್ಲಿ. ಅವನ ತಮ್ಮ ಚನ್ನಬಸು, ಮುದ್ದೇಬಿಹಾಳದಲ್ಲಿ. ಹೊಸ್ತಿಲ ಮೇಲೆ ನಿಂತಿದ್ದ ನಾನು, ಇಂಡಿಯಲ್ಲಿ. ಮತ್ತು ನಾವು ಕಂಡದ್ದನ್ನು ಕಂಡಾಕೆ, ಸಿಂದಗಿಯ ಕಡೆಯ ನೀಲವ್ವ — ಬಸಲಿಂಗಪ್ಪನ ಮಗಳು, ಆ ಮನಿ ಕಳ್ಳಿನಾಕಿ.